ಓಡಾಟದ ಪುಸ್ತಕದ ಒಂದು ಸಾಲು

ಸೀತು ಹೆಬ್ಬೆರಳನ್ನು ಶಾಯಿಗೆ ಒತ್ತಿಯಾಗಿತ್ತು. ಬೆರಳಿಗೂ ಕಾಗದಕ್ಕೂ ಒಂದಂಗುಲ ಉಳಿದಿರುವಾಗ ನಾನು ಅವಳ ಮಣಿಕಟ್ಟು ಹಿಡಿದೆ.

"ಸೀತಕ್ಕ, ಇದ್ರಗೆ ಎಂತ ಬರ್ದಿತ್ತ್ ಗೊತ್ತಿತ್ತಾ ನಿಮ್ಗೆ?"

"ಭೋಜರಾಜ್ ಸರ್ ಓದಿ ಹೇಳಿರ್ ಅಮ್ಮ. ಮಂಗ್ಳಾರ ದಿನ ಫ್ರೀಜರ್ ಬಾಗ್ಲ್ ಹಾಕದ್ದ್ ನಾನೇ ಅಂದೇಳಿ ಬರ್ದಿತ್ತಂಬ್ರ್."

"ನೀವ್ ಹಾಕಿದ್ರ್ಯಾ?"

"ಇಲ್ಲೆ."

ಅದನ್ನು ಅವಳು ಎಷ್ಟು ಸಲೀಸಾಗಿ ಹೇಳಿದಳೆಂದರೆ ನನಗೆ ಸಿಟ್ಟೇ ಬಂತು. "ಮತ್ತೆಂತಕೆ ಹೆಬ್ಬೆಟ್ಟ್ ಒತ್ತುದ್?"

"ಒತ್ತಿರೆ ಮಗ್ಳ್ ಕೆಲ್ಸ ಉಳಿತ್ತಂಬ್ರ್. ಮೋಕ್ಷಿತಾ ಇಲ್ಲಿ ಮೇಲ್ ಕೂಕಣ್ತಳ್ ಅಲ್ದಾ, ಸೇರಿ ಇನ್ನೂ ಮೂರ್ ವಾರ ಆಯ್ತ್ ಅಷ್ಟೆ." ಕೈ ಬಿಡಿಸಿಕೊಂಡು ಬೆರಳನ್ನು ಸೆರಗಿಗೆ ಒರೆಸಿದಳು. ಹಸಿರು ಸಮವಸ್ತ್ರದ ಸೀರೆಯ ಮೇಲೆ ಕಡುನೀಲಿ ಮಚ್ಚೆಯೊಂದು ಮೂಡಿತು.

ಮೇಜಿನ ಆಚೆಗಿದ್ದ ಭೋಜರಾಜ ನಿಟ್ಟುಸಿರು ಬಿಟ್ಟರು. ಈ ಕಂಪನಿಯ ಆಡಳಿತಾಧಿಕಾರಿ, ವಯಸ್ಸು ಐವತ್ತೆಂಟು, ಹಣೆಯಲ್ಲಿ ಗಂಧ, ಬಾಯಲ್ಲಿ ಬೆಲ್ಲ. "ಐದ್ ಗಂಟಿಗೆ ಪೊಲೀಸ್ರ್ ಬತ್ರ್ ಮೇಡಂ. ಕಾಗ್ದ ಇದ್ರೆ ಅಜಾಗ್ರತೆ ಅಂದೇಳಿ ಮುಗಿತ್ತ್. ಇಲ್ದಿದ್ರೆ ಕೊಲೆ ಯತ್ನ ಅಂತ್ರ್. ಪಾಪದ ಹೆಂಗ್ಸ್, ನಾನ್ ಅವ್ಳ್ ಒಳ್ಳೇದಕ್ಕೇ ಹೇಳದ್ದ್."

"ಐದಕ್ಕೆ ಇನ್ನೂ ಎರಡೂವರೆ ಗಂಟಿ ಇತ್ತ್," ಎಂದೆ. "ಅಲ್ಲಿವರೆಗೆ ಆ ಶಾಯಿ ಡಬ್ಬಿ ಮುಚ್ಚಿಡಿ."

ನಾನು ಹರಿಣಾಕ್ಷಿ. ಊರು ಹಾಲಾಡಿ, ಉದ್ಯೋಗ ವಿಮಾ ಕಂಪನಿಗಳ ಪರವಾಗಿ ಅಪಘಾತಗಳ ತನಿಖೆ. ಬ್ರಹ್ಮಾವರ ದಾಟಿ ಹೆದ್ದಾರಿಯ ಬದಿಗಿರುವ ನೀಲತೀರ ಮೆರೈನ್ ಫುಡ್ಸ್ ಎಂಬ ಈ ಮೀನು ರಫ್ತು ಕಂಪನಿಯಲ್ಲಿ, ಶಿರೂರಿನ ಅಜಿತ್ ಎಂಬ ಮೇಲ್ವಿಚಾರಕ ಮಂಗಳವಾರ ಮಧ್ಯಾಹ್ನ ಮೈನಸ್ ನಲವತ್ತರ ಫ್ರೀಜರ್ ಕೋಣೆಯಲ್ಲಿ ಸಿಕ್ಕಿಬಿದ್ದ. ಇವತ್ತು ಗುರುವಾರ, ಅವನಿನ್ನೂ ಕುಂದಾಪುರದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿಲ್ಲ. ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಒಳಗಿನಿಂದ ತೆಗೆಯುವ ಹಿಡಿ ಮೂರು ತಿಂಗಳಿಂದ ಮುರಿದೇ ಇತ್ತು. ಹಿಡಿ ಸರಿಮಾಡಿಸಿ ಎಂದು ಎರಡು ಸಲ ಇಲ್ಲಿಯ ದೊಡ್ಡವರಿಗೆ ಬರೆದು, ಮೂರನೆಯ ಸಲ ಅವರ ತಲೆಯ ಮೇಲಿಂದ ಮುಂಬೈಯ ಮಾಲೀಕರಿಗೇ ಬರೆದವನು ಇದೇ ಅಜಿತ್.

ಆ ಮೂರನೆಯ ಪತ್ರ ಮುಂಬೈ ಮುಟ್ಟಿದ್ದು ಸೋಮವಾರ. ಫ್ರೀಜರ್ ಬಾಗಿಲು ಮುಚ್ಚಿದ್ದು ಮಂಗಳವಾರ.

ಇಪ್ಪತ್ತೆಂಟು ವರ್ಷಗಳಲ್ಲಿ ತಾನಾಗಿ ಸುಟ್ಟುಕೊಂಡ ಅಂಗಡಿ, ದಡದಲ್ಲೇ ಮುಳುಗಿದ ಬೋಟು ಎಲ್ಲ ನೋಡಿದ್ದೇನೆ. ಇಂಥ ಆಫೀಸು ನೋಡಿರಲಿಲ್ಲ. ಇಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಎಲ್ಲರಿಗೂ ಕುತ್ತಿಗೆಯ ಬಿಲ್ಲೆಯಲ್ಲೊಂದು ನಂಬರು. ಫೋನುಗಳೆಲ್ಲ ಗೇಟಿನ ಡಬ್ಬಿಯಲ್ಲಿ, ನನ್ನದೂ ಸೇರಿ. ಹೊರಬಾಗಿಲಲ್ಲಿ ಮೂರು ಗುಂಡಿಗಳ ಯಂತ್ರವೊಂದಿದೆ: ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ. ಸಂಜೆ ಮನೆಗೆ ಹೋಗುವಾಗ ಇವತ್ತು ಹೇಗಿತ್ತೆಂದು ಒತ್ತಬೇಕು. ನಗುವ ಮುಖ ಒತ್ತಿ ಒತ್ತಿ ಕಣ್ಣುಬಾಯಿ ಅಳಿಸಿಹೋಗಿದೆ. ಅಳುವ ಮುಖದ ಮೇಲೆ ಅಂಗಡಿಯ ಪ್ಲಾಸ್ಟಿಕ್ಕು ಹಾಗೇ ಇದೆ. ಅದನ್ನು ಒತ್ತಿದ ಒಬ್ಬನನ್ನು ಮರುದಿನ ಕ್ಯಾಬಿನ್ನಿಗೆ ಕರೆದು, ನಿನಗೇನು ಕಷ್ಟ ಎಂದು ಎರಡು ತಾಸು ಕೇಳಿದರಂತೆ. ಆಮೇಲೆ ಅವನು ಕೆಲಸಕ್ಕೆ ಬರಲಿಲ್ಲ.

ಇನ್ನೊಂದು ವಿಚಿತ್ರ ಇದೆ. ಇಡೀ ಕರಾವಳಿಯ ಮೀನನ್ನು ಹೊರದೇಶಕ್ಕೆ ಕಳಿಸುವ ಈ ಕಂಪನಿಯಲ್ಲಿ ಊಟದ ಡಬ್ಬಿಗೆ ಮೀನು ತರುವ ಹಾಗಿಲ್ಲ. ವಾಸನೆ ಬರುತ್ತದಂತೆ!

ಸೀತುವಿನ ಮೇಲೆ ಸಂಶಯ ಬರಲು ಕಾರಣ ಒಂದು ಪುಸ್ತಕ. ಕುರ್ಚಿ ಬಿಟ್ಟು ಎದ್ದವರು ಎದ್ದ ಹೊತ್ತು, ಬಂದ ಹೊತ್ತು, ಎದ್ದ ಕಾರಣ ಬರೆಯಬೇಕು. ಕಚೇರಿಯಲ್ಲಿ ಅದಕ್ಕೆ ಇಂಗ್ಲಿಷಿನಲ್ಲಿ ಏನೋ ದೊಡ್ಡ ಹೆಸರಿದೆ, ಜನ ಓಡಾಟದ ಪುಸ್ತಕ ಎನ್ನುತ್ತಾರೆ. ಏಳು ನಿಮಿಷ ಮೀರಿದರೆ ಅರ್ಧ ದಿನದ ರಜೆ ಹೋಯಿತು. ಸೀತುವಿಗೆ ಅಕ್ಷರ ಬಾರದು, ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಒರೆಸುವವಳಿಗೆ ಏಳು ನಿಮಿಷದ ಲೆಕ್ಕವಿಲ್ಲ, ಅವಳ ಸಾಲನ್ನು ಭೋಜರಾಜರೇ ಬರೆಯುತ್ತಾರೆ. ಮಂಗಳವಾರದ ಸಾಲು ಹೀಗಿತ್ತು: ಮೂರು ಇಪ್ಪತ್ತರಿಂದ ಮೂರೂವರೆ, ಫ್ರೀಜರ್ ಕೋಣೆಯ ಎದುರು ನೆಲ ಒರೆಸುವುದು.

"ಆ ಹೊತ್ತಿಗೆ ನೀವ್ ಎಲ್ಲಿದ್ದಿರಿ?" ಎಂದು ಅವಳನ್ನು ಕಾರಿಡಾರಿನ ಮೂಲೆಗೆ ಕರೆದು ಕೇಳಿದೆ.

ಅವಳು ಬಕೆಟ್ಟಿನ ಫಿನಾಯಿಲ್ ನೀರಿಗೆ ಕೈ ಅದ್ದಿ ಬಟ್ಟೆ ಹಿಂಡಿದಳು. ಪೊಲೀಸರು ಬರುವ ದಿನವೂ ಅವಳಿಗೆ ನೆಲ ಒರೆಸುವುದು ತಪ್ಪಿರಲಿಲ್ಲ. "ಹೇಳುಕೆ ಆತ್ತಿಲ್ಲೆ ಅಮ್ಮ."

"ಜೈಲಿಗೆ ಹೋಪುಕೆ ಆತ್ತಾ?"

"ಹೇಳಿರೆ ಮತ್ತೂ ಆರ್ ಜನ್ರ್ ಹೊಟ್ಟಿ ಮೇಲ್ ಹೊಡ್ದಂಗ್ ಆತ್ತ್." ಇಷ್ಟು ಹೇಳಿ, ಹೇಳಬಾರದಿತ್ತು ಎನ್ನುವಂತೆ ತಾರಸಿಯ ಮೆಟ್ಟಿಲ ಕಡೆ ಒಮ್ಮೆ ನೋಡಿ, ಬೇರೆ ಕಡೆ ಒರೆಸಲು ಹೋದಳು.

ನನಗೆ ಅಷ್ಟು ಸಾಕಾಯಿತು. ಮೂರು ಗಂಟೆಗೆ ಸದ್ದಿಲ್ಲದೆ ತಾರಸಿ ಹತ್ತಿದೆ.

ನೀರಿನ ಟ್ಯಾಂಕಿಯ ಹಿಂದೆ ಆರು ಜನ ನೆರಳಿಗೆ ಒತ್ತಿ ಕೂತಿದ್ದರು. ನಡುವೆ ಸ್ಟೀಲ್ ಡಬ್ಬಿಗಳು, ಕುಚ್ಚಲಕ್ಕಿ ಅನ್ನ, ಕೆಂಪಗೆ ಬಂಗಡೆ ಗಸಿ. ನನ್ನನ್ನು ಕಂಡದ್ದೇ ಆರು ಕೈಗಳೂ ತುತ್ತು ಸಮೇತ ನಿಂತವು.

"ಊಟ ಮಾಡಿ ಮಾರಾಯ್ರೆ," ಎಂದೆ. "ನಾನೂ ಮೀನ್ ತಿಂಬವ್ಳೇ. ಮಂಗ್ಳಾರ ಮೂರ್ ಇಪ್ಪತ್ತಕ್ಕೆ ಸೀತಕ್ಕ ಇಲ್ಲಿ ಇದ್ದಿರಾ?"

ಒಬ್ಬ ಬೆರಳ ಸಂದಿನ ಮುಳ್ಳು ತೆಗೆಯುತ್ತಲೇ ಹೇಳಿದ: "ಇಲ್ಲಿಗೆ ಯಾರೂ ಬತ್ತಿಲ್ಲೆ ಮೇಡಂ."

"ನೀವ್ ಕೂಕಂಡಿದ್ರಿ ಅಲ್ದಾ?"

"ಪುಸ್ತಕ ಕಾಣಿ ಮೇಡಂ. ನಾವೆಲ್ಲ ಈಗ ಬಾತ್‌ರೂಮಗೆ ಇತ್ತ್."

ಯಾರೋ ಕಿಸಕ್ಕೆಂದರು. ಮರುಕ್ಷಣ ಎಲ್ಲರೂ ಗಂಭೀರವಾದರು. ನಾನು ಚಪ್ಪಲಿ ಬಿಟ್ಟು ಅವರ ಪಕ್ಕದಲ್ಲೇ ಕೂತೆ. ಒಬ್ಬ ಹೆಂಗಸು ನನ್ನ ಮುಖ ನೋಡದೆ, ಅನ್ನ ಕಲಸುತ್ತ, ಡಬ್ಬಿಗೆ ಹೇಳುವವಳಂತೆ ಹೇಳಿದಳು.

"ಆ ಪುಸ್ತಕ ನಾವ್ ಹೊತ್ತ್ ಹೊತ್ತಿಗೆ ಬರಿಯುದಲ್ಲ ಮೇಡಂ. ಬೆಳಿಗ್ಗೆ ಬಂದವ್ರೇ ಇಡೀ ದಿನದ್ದ್ ಒಂದೇ ಸಲ ಬರ್ದಿಡುದ್. ಆರ್ ಆರ್ ನಿಮಿಷದ್ದ್. ಆಗ ತಪ್ಪ್ ಬಪ್ಪುಕೆ ಇಲ್ಲೆ."

"ಎಲ್ಲರೂ?"

"ಎಲ್ಲರೂ. ಭೋಜರಾಜ್ ಸರ್ ಸೀತಕ್ಕಂದೂ ಬೆಳಿಗ್ಗೆಯೇ ಬರಿತ್ರ್."

"ಇದನ್ನೇ ಐದ್ ಗಂಟಿಗೆ ಪೊಲೀಸ್ರ್ ಎದ್ರ್ ಹೇಳ್ತಿರಾ?"

ಡಬ್ಬಿಗಳು ಒಂದರ ಮೇಲೊಂದು ಮುಚ್ಚಿಕೊಂಡವು. ಅರ್ಧ ನಿಮಿಷದಲ್ಲಿ ತಾರಸಿ ಖಾಲಿ. ಹೋಗುವಾಗ ಆ ಹೆಂಗಸು ಒಂದೇ ಮಾತು ಹೇಳಿದಳು: "ನಂಗೂ ಮಕ್ಕಳಿದ್ದೊ ಮೇಡಂ." ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ಕೆಳಗಿಳಿದು ಓಡಾಟದ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡೆ. ಈಗ ಓದುವ ಕಣ್ಣೇ ಬೇರೆಯಾಗಿತ್ತು.

ಮಂಗಳವಾರದ ಎರಡು ಪುಟಗಳು. ಹನ್ನೊಂದು ಹತ್ತು, ಹನ್ನೊಂದು ಹದಿನಾರು. ಮೂರು ಐದು, ಮೂರು ಹನ್ನೊಂದು. ಸೀತುವಿನ ಸಾಲೊಂದು ಬಿಟ್ಟರೆ ಎಲ್ಲವೂ ಆರು ನಿಮಿಷ, ಎಲ್ಲವೂ ಒಂದೇ ದಾರದಲ್ಲಿ ಕಟ್ಟಿದ ಪೆನ್ನಿನದು, ಎಲ್ಲದರ ಕಾರಣವೂ ಇಂಗ್ಲಿಷಿನಲ್ಲಿ ಒಂದೇ ಶಬ್ದ. ಒಬ್ಬನ ಹೊಟ್ಟೆ ಕೆಟ್ಟರೂ ಗಡಿಯಾರ ಕೆಡುವುದಿಲ್ಲ ಇವರದ್ದು.

ಎರಡನೆಯ ಪುಟದ ಕೊನೆಗೆ, ಬೇರೆ ಜೆಲ್ ಪೆನ್ನಿನಲ್ಲಿ, ದುಂಡಗಿನ ಕನ್ನಡ ಅಕ್ಷರಗಳಲ್ಲಿ ಒಂದು ಸಾಲಿತ್ತು.

ನಂಬರು 117. ಎದ್ದದ್ದು 3.22. ಬಂದದ್ದು 3.31. ಕಾರಣ: ಸರ್ ಹೇಳಿದ್ದಕ್ಕೆ ಫ್ರೀಜರ್ ಬಾಗಿಲು ಹಾಕಲು.

ಒಂಬತ್ತು ನಿಮಿಷ! ಈ ಕಟ್ಟಡದಲ್ಲಿ ಒಂಬತ್ತು ನಿಮಿಷ ಎಂದು ಯಾರಾದರೂ ಬರೆಯುತ್ತಾರೆಯೇ? ನಿಜವಾಗಿ ಒಂಬತ್ತು ನಿಮಿಷ ಹೋದವರು ಮಾತ್ರ, ಅದೂ ಇಲ್ಲಿಯ ರಿವಾಜು ಗೊತ್ತಿಲ್ಲದವರು. ಹೊಸಬರಿಗೆ ಬೆಳಿಗ್ಗೆಯೇ ಬರೆದಿಡು ಎಂದು ಹೇಳಿಕೊಡುವ ಧೈರ್ಯ ಯಾರಿಗಿದೆ? ಹೊಸಬರು ದೊಡ್ಡವರ ಕಿವಿ ಇರಬಹುದಲ್ಲ!

ಸುಳ್ಳಿನ ಪುಸ್ತಕದಲ್ಲಿ ಒಂದೇ ಒಂದು ನಿಜ, ಅದೂ ಕಳೆದ ಮೂರು ದಿನಗಳಿಂದ ಎಲ್ಲರ ಕಣ್ಣೆದುರು ಬಿದ್ದುಕೊಂಡಿದೆ. ದೊಡ್ಡವರು ಪುಸ್ತಕದಲ್ಲಿ ಏಳು ನಿಮಿಷ ಮೀರಿದವರನ್ನು ಹುಡುಕುವುದು ತಿಂಗಳ ಕೊನೆಗೆ ಮಾತ್ರ. ಉಳಿದವರು ತಮ್ಮ ಸಾಲು ಬಿಟ್ಟು ಬೇರೆಯವರದ್ದು ನೋಡುವುದೇ ಇಲ್ಲ.

ಬಾಗಿಲು ಹಾಕಿದ್ದು 117. ಆದರೆ ಒಳಗೆ ಮನುಷ್ಯನಿದ್ದಾನೆಂದು ಗೊತ್ತಿದ್ದವರು ಹೀಗೆ ಬರೆದಿಡುವುದಿಲ್ಲ. ಗೊತ್ತಿದ್ದದ್ದು ಕಳಿಸಿದ ಆ 'ಸರ್'ಗೆ. ಇಲ್ಲಿ ಹಾಗೆ ಕರೆಸಿಕೊಳ್ಳುವವರು ಇಬ್ಬರೇ: ಜನರಲ್ ಮ್ಯಾನೇಜರ್ ಜಿತೇಂದ್ರ ಮತ್ತು ಭೋಜರಾಜ.

117 ಯಾರೆಂದು ತಿಳಿಯಬೇಕಾದರೆ ಒಬ್ಬೊಬ್ಬರ ಬಿಲ್ಲೆ ಇಣುಕಬೇಕು, ಇಲ್ಲವೇ ಪಟ್ಟಿ ನೋಡಬೇಕು, ಪಟ್ಟಿ ಇರುವುದು ಭೋಜರಾಜರ ಕಪಾಟಿನಲ್ಲಿ. ಇಣುಕಿದರೂ ಕೇಳಿದರೂ ಸಾಕ್ಷಿಯನ್ನು ನಾನೇ ತೋರಿಸಿಕೊಟ್ಟಂತೆ. ಆದ್ದರಿಂದ ಒಂದು ನಿಶ್ಚಯ ಮಾಡಿಕೊಂಡೆ: ಪೊಲೀಸರು ಬರುವವರೆಗೆ ಈ ನಂಬರು ನನ್ನ ಬಾಯಿಂದ ಹೊರಬೀಳಬಾರದು. ಆ ನಿಶ್ಚಯವನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವಂತಾಗುತ್ತದೆ.

ನಾಲ್ಕು ಮುಕ್ಕಾಲಿಗೆ ಜಿತೇಂದ್ರ ನಮ್ಮ ಮೂವರನ್ನೂ ತನ್ನ ಕ್ಯಾಬಿನ್ನಿಗೆ ಕರೆಸಿದ. ಕುಂದಾಪುರದ ಹತ್ತಿರದ ವಂಡ್ಸೆ ಕಡೆಯವನು, ಬೆಳೆದದ್ದು ಮುಂಬೈಯ ಅಪ್ಪನ ಹೋಟೆಲಿನ ಗಲ್ಲಾದ ಹಿಂದೆ. ನಲವತ್ತರ ವಯಸ್ಸು, ಕುರ್ಚಿಯಲ್ಲಿ ಕೂತರೂ ಒಂದು ಕಾಲು ಕುಣಿಯುತ್ತಲೇ ಇತ್ತು. ಭೋಜರಾಜರು ಕಾಗದ ಹಿಡಿದು ನಿಂತಿದ್ದರು. ಸೀತು ಬಕೆಟ್ಟನ್ನು ಬಾಗಿಲಲ್ಲಿ ಬಿಡಲು ಹೆದರಿ ಒಳಗೇ ತಂದು ಕಾಲ ಬಳಿ ಇಟ್ಟುಕೊಂಡಿದ್ದಳು.

"ಬೋಲಿಯೇ ಮೇಡಂ, ಹದಿನೈದು ನಿಮಿಷ ಇದೆ," ಎಂದ ಜಿತೇಂದ್ರ. "ಈ ಹೆಂಗಸು ಒತ್ತುತ್ತೇನೆ ಅಂತಾಳೆ, ನೀವು ಬೇಡ ಅಂತೀರಿ. ನಿಮಗೇನು ತೊಂದರೆ?"

"ಅವಳು ಅಲ್ಲಿ ಇರಲೇ ಇಲ್ಲ."

"ಪುಸ್ತಕದಲ್ಲಿ ಇದೆಯಲ್ಲ."

"ಪುಸ್ತಕವಿಡೀ ಸುಳ್ಳು. ನಿಮ್ಮ ಜನ ಬೆಳಿಗ್ಗೆಯೇ ಬರೆದಿಡುತ್ತಾರೆ. ನಿಮ್ಮ ಏಳು ನಿಮಿಷದ ಹೆದರಿಕೆಗೆ."

ಅವನ ಕಾಲು ಕುಣಿಯುವುದು ನಿಂತಿತು. "ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನನಗೆ ಕಣ್ಣಿದೆ."

"ಭೋಜರಾಜ್, ಹೌದಾ ಇದು?"

"ನಂಗ್ ಗೊತ್ತಿಲ್ಲೆ ಸರ್," ಎಂದರು ಭೋಜರಾಜರು, ಬೆಳಿಗ್ಗೆ ತಾವೇ ಬರೆದಿಟ್ಟವರು. "ನಮ್ಮ್ ಜನ ಹಂಗೆಲ್ಲ ಮಾಡುವವ್ರಲ್ಲ. ಮೇಡಂಗೆ ಎಂತದೋ ತಪ್ಪ್ ತಿಳುವಳ್ಕಿ."

ಜಿತೇಂದ್ರ ನನ್ನ ಕಡೆ ತಿರುಗಿ ನಕ್ಕ. ಮುಂಬೈ ಕಳಚಿ ವಂಡ್ಸೆ ಹೊರಗೆ ಬಂತು. "ಹ್ವಾಯ್ ಮೇಡಂ, ಪುಸ್ತಕ ಸುಳ್ಳ್ ಅಂದ್ರೆ ನಿಮ್ಮತ್ರ ಇಪ್ಪುದ್ ಎಂತ? ಬರೀ ಬಾಯ್ ಮಾತ್. ವಿಮೆಯವ್ರ್ ನಿಮ್ಗೆ ಸಂಬ್ಳ ಕೊಡುದ್ ಕಥಿ ಕಟ್ಟುಕಾ? ಇಪ್ಪತ್ತೆಂಟ್ ವರ್ಷ ಇದ್ನೇ ಮಾಡದ್ದಾ?"

ನನಗೆ ಸಿಟ್ಟು ನೆತ್ತಿಗೇರಿತು. ಕೆಲಸದ ಬಗ್ಗೆ ಹಂಗಿಸಿದರೆ ನಾನು ನಾನಾಗಿರುವುದಿಲ್ಲ, ಅದು ನನ್ನ ಹಳೆಯ ರೋಗ. ಕಂಕುಳಲ್ಲಿದ್ದ ಪುಸ್ತಕವನ್ನು ಅವನ ಮೇಜಿನ ಮೇಲೆ ಬಿಚ್ಚಿ ಬಡಿದೆ.

"ಒಂದ್ ಸಾಲ್ ಸುಳ್ಳಲ್ಲ! ನೂರ ಹದಿನೇಳು. ಮೂರು ಇಪ್ಪತ್ತೆರಡಕ್ಕೆ ಎದ್ದು ಮೂರು ಮೂವತ್ತೊಂದಕ್ಕೆ ಬಂದವರು. ಬಾಗಿಲು ಹಾಕಿದ್ದು ಸೀತು ಅಲ್ಲ, ನೂರ ಹದಿನೇಳು!"

ಹೇಳಿ ಅಲ್ಲಿಗೇ ನಿಲ್ಲಿಸಿದೆ. ಕಾರಣದ ಕಾಲಂ ಅನ್ನು ಆಮೇಲೆ ಓದೋಣ, ಆ 'ಸರ್' ಎಂಬ ಶಬ್ದ ಬೀಳುವಾಗ ಇಬ್ಬರ ಮುಖವನ್ನೂ ಒಟ್ಟಿಗೆ ನೋಡೋಣ ಎಂಬ ಆಸೆ. ತನಿಖೆಯವರ ಹಾಳು ಚಪಲ. ಹೆಚ್ಚೆಂದರೆ ಎರಡು ಉಸಿರಿನಷ್ಟು ಹೊತ್ತು.

ಅಷ್ಟರಲ್ಲಿ ಸೀತು ಮೇಜಿನ ಹತ್ತಿರ ಬಂದಿದ್ದಳು. ಅಕ್ಷರ ಬಾರದಿದ್ದರೂ ಮೀನು ಮಾರಿದ ಮನೆತನದವಳಿಗೆ ಅಂಕಿ ಬರುತ್ತದೆ. ನನ್ನ ಬೆರಳು ಇದ್ದಲ್ಲಿ ಬಗ್ಗಿ ನೋಡಿದಳು. ಪರ್ರನೆ ಪುಟ ಕಿತ್ತಳು. ನಾನು ಕೈ ಚಾಚುವಷ್ಟರಲ್ಲಿ ಅದು ಫಿನಾಯಿಲ್ ನೀರಿನಲ್ಲಿತ್ತು, ಅವಳ ಎರಡೂ ಕೈಗಳು ಕೊಳೆ ಬಟ್ಟೆ ತಿಕ್ಕುವಂತೆ ಅದನ್ನು ತಿಕ್ಕುತ್ತಿದ್ದವು.

"ಸೀತಕ್ಕ!"

"ಬಾಗ್ಲ್ ಹಾಕದ್ದ್ ನಾನೇ," ಎಂದಳು ತಲೆ ಎತ್ತದೆ. "ಎಲ್ಲಿ ಒತ್ತುದ್ ತೋರ್ಸಿ ಸರ್. ನಾನೇ ಹಾಕದ್ದ್."

ನಾನು ನೆಲಕ್ಕೆ ಕೂತು ಅವಳ ಕೈ ಹಿಡಿದೆ. ನೀರು ನೀಲಿಯಾಗಿತ್ತು. ಕೈಗೆ ಸಿಕ್ಕಿದ್ದು ಬರೀ ಹಿಟ್ಟಿನಂಥ ಮುದ್ದೆ. ಅವಳು ನನ್ನ ಕಿವಿಯ ಹತ್ತಿರ, ಬೇರೆಯವರಿಗೆ ಕೇಳದ ಹಾಗೆ ಹೇಳಿದಳು: "ಆ ನಂಬ್ರ ದಿನಾ ಬೆಳಿಗ್ಗೆ ನಾನೇ ಅವ್ಳ್ ಕುತ್ಗಿಗ್ ಹಾಕುದ್ ಅಮ್ಮ. ಮೂರ್ ದಿನ್ದಿಂದ ಹೆಣ್ಣ್ ಉಂಡದ್ದಿಲ್ಲೆ. ಎಂತಕೆ ಅಂದ್ ಈಗ ಗೊತ್ತಾಯ್ತ್."

ಮೋಕ್ಷಿತಾ. ಮೂರು ವಾರದ ಹಿಂದೆ ಸೇರಿದವಳು. ಮಧ್ಯಾಹ್ನವಷ್ಟೇ ಇವಳ ಬಾಯಿಂದಲೇ ಕೇಳಿದ್ದೆನಲ್ಲ! ಹೊಸಬರು ಯಾರು ಎಂದು ಅಷ್ಟು ಲೆಕ್ಕ ಹಾಕಿದವಳಿಗೆ ಇದು ಹೊಳೆಯಲಿಲ್ಲ.

"ಸೀತಕ್ಕ, ಅದ್ರಗೇ ಅವ್ಳನ್ನ ಉಳ್ಸು ಮಾತಿತ್ತ್," ಎಂದೆ. ಪಿಸುಮಾತಿನಲ್ಲಿ ಹೇಳಬೇಕಿತ್ತು, ಅಳುವಂಥ ದೊಡ್ಡ ದನಿ ಬಂತು. "ಸರ್ ಹೇಳಿದ್ದಕ್ಕೆ ಬಾಗಿಲು ಹಾಕಿದೆ ಅಂದ್ ಬರ್ದಿತ್ತ್. ತಪ್ಪ್ ಅವ್ಳದ್ದಲ್ಲ, ಕಳ್ಸಿದವ್ರದ್ದ್!"

ಸೀತು ತನ್ನ ಒದ್ದೆ ಕೈಗಳನ್ನೇ ನೋಡಿಕೊಂಡಳು. ಬೆರಳ ಸಂದಿಯಿಂದ ಮುದ್ದೆ ನೆಲಕ್ಕೆ ಜಾರಿತು.

"ಯಾವ ಸರ್?" ಜಿತೇಂದ್ರ ಎದ್ದು ನಿಂತಿದ್ದ. "ಏನು ಮಾತಾಡ್ತಿದ್ದೀರಿ? ಈ ನೂರ ಹದಿನೇಳು ಯಾರು? ಭೋಜರಾಜ್, ಯಾರದು?"

ಅವನ ಮುಖವನ್ನು ನೆಲದಿಂದಲೇ ನೋಡಿದೆ. ಸುಳ್ಳು ಮುಖಗಳನ್ನು ನೋಡಿಯೇ ನಾನು ಅನ್ನ ತಿಂದವಳು. ಇದು ಸುಳ್ಳಲ್ಲ. ಈ ಮನುಷ್ಯ ಒರಟ, ಹಂಗಿಸುವವನು, ನೂರ ನಲವತ್ತು ಜನರಿಗೆ ಹೆಸರಿಲ್ಲದ ಹಾಗೆ ಮಾಡಿದವನು. ಹಾಗೆ ಮಾಡಿದ್ದರಿಂದಲೇ 117 ಗಂಡೋ ಹೆಣ್ಣೋ ಎಂಬುದು ಕೂಡ ಅವನಿಗೆ ಗೊತ್ತಿರಲಿಲ್ಲ.

"ನಾನ್ ಹೋಯಿ ಕರ್ಕಂಡ್ ಬತ್ತೆ ಸರ್," ಎಂದರು ಭೋಜರಾಜರು ಮೆಲ್ಲಗೆ. ಕಾಗದವನ್ನು ನೀಟಾಗಿ ಮಡಚಿ ಕಿಸೆಗಿಟ್ಟರು. "ಪಾಪ, ಹೆದ್ರಿಕಂಬುದ್ ಬೇಡ."

ಬಾಗಿಲು ಮುಚ್ಚಿತು. ಕಾರಿಡಾರಿನಲ್ಲಿ ಅವರ ಚಪ್ಪಲಿಯ ಸದ್ದು ಮೊದಲು ನಿಧಾನಕ್ಕೆ, ಆಮೇಲೆ ಬೇಗ ಬೇಗ ಕೇಳಿಸಿತು.

ಸರ್ ಎನಿಸಿಕೊಳ್ಳುವವರು ಇಬ್ಬರೇ. ಒಬ್ಬನಿಗೆ ಗೊತ್ತಿಲ್ಲ. ಹಾಗಿದ್ದರೆ ಅವಳನ್ನು ಕಳಿಸಿದ್ದು ಈಗ ಹೊರಗೆ ಹೋದವರೇ!

ಸೀರೆ ಎತ್ತಿ ಕಟ್ಟಿ ಓಡಿದೆ. ದೊಡ್ಡ ಹಾಲಿನಲ್ಲಿ ಸಾಲು ಸಾಲು ಮೇಜು, ಮೂವತ್ತಕ್ಕೂ ಹೆಚ್ಚು ಜನ. ಕಿಟಕಿಯ ಪಕ್ಕದ ಒಂದು ಕುರ್ಚಿ ಖಾಲಿಯಾಗಿ ಇನ್ನೂ ತಿರುಗುತ್ತಿತ್ತು. ಬಲಕ್ಕೆ ಲಿಫ್ಟು, ಎಡಕ್ಕೆ ಗೇಟಿನ ಮೆಟ್ಟಿಲು, ಹಿಂದಕ್ಕೆ ಫ್ರೀಜರ್‌ಗಳಿರುವ ಕೆಳಮಹಡಿಯ ದಾರಿ. ಮೂರರಲ್ಲಿ ಯಾವುದು?

"ಭೋಜರಾಜ್ ಸರ್ ಆ ಹೆಣ್ಣನ್ನ ಕರ್ಕಂಡ್ ಯಾವ್ ಬದಿಗ್ ಹೋದ್ದ್?" ಎಂದು ಕೂಗಿದೆ. "ಬೇಗ ಹೇಳಿ ಮಾರಾಯ್ರೆ, ಯಾವ್ ಬದಿಗೆ?"

ತಾರಸಿಯಲ್ಲಿ ಅನ್ನ ಕಲಸುತ್ತಿದ್ದ ಹೆಂಗಸು ಅಲ್ಲೇ ಎದುರಿಗಿದ್ದಳು. ಅವಳ ಬೆರಳುಗಳು ಕೀಬೋರ್ಡಿನ ಮೇಲೆ ಇನ್ನಷ್ಟು ಜೋರಾಗಿ ಓಡಿದವು.

ನನ್ನ ಹಿಂದೆ ಸೀತು ಬರಿಗಾಲಲ್ಲಿ ಓಡಿಬಂದಳು. "ಮೋಕ್ಷೀ! ಮೋಕ್ಷೀ!" ಎಂದು ಅವಳು ಹಾಲಿನ ನಡುವೆ ನಿಂತು ಕೂಗುತ್ತಿದ್ದಳು. ಎಲ್ಲರೂ ನೋಡಿದ್ದರು, ಎಲ್ಲರಿಗೂ ಗೊತ್ತಿತ್ತು, ಆದರೂ ಒಬ್ಬರೂ ತಲೆ ಎತ್ತಲಿಲ್ಲ.